ದತ್ತು ನಾಯಿಯ ಮೊದಲ ಮೌನ

ಬೀದಿಯಿಂದಲೋ ಪ್ರಾಣಿಗಳ ಆಶ್ರಯಧಾಮದಿಂದಲೋ ಮನೆಗೆ ತಂದ ನಾಯಿಯು ಮೊದಲ ಎರಡು ಮೂರು ದಿನ ಬೊಗಳದೆ, ಓಡಾಡದೆ, ಮಂಚದಡಿಯಲ್ಲಿ ಮುದುಡಿ ಮಲಗಿರುವುದನ್ನು ಕಂಡು ಮನೆಯವರು ಅದನ್ನು ಸಾಧು ಪ್ರಾಣಿಯೆಂದು ಮೆಚ್ಚಿಕೊಳ್ಳುವುದು ಸಾಮಾನ್ಯವಾದರೂ, ಶರೀರಕ್ರಿಯಾವಿಜ್ಞಾನದ ದೃಷ್ಟಿಯಲ್ಲಿ ಆ ಮೌನಕ್ಕೂ ನೆಮ್ಮದಿಗೂ ನಂಟು ಕಡಿಮೆ. ಅಪರಿಚಿತ ಪರಿಸರವನ್ನು ಅಪಾಯವೆಂದು ಎಣಿಸಿದ ಮೆದುಳು ತನ್ನ ತಳದಲ್ಲಿರುವ ಹೈಪೊಥಲಾಮಸ್ ಭಾಗದಿಂದ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯು ರಕ್ತದ ಮೂಲಕ ಕಳಿಸುವ ಸಂದೇಶವು ಮೂತ್ರಪಿಂಡಗಳ ಬಳಿಯಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಅವು ಕಾರ್ಟಿಸಾಲ್ ಎಂಬ, ಒತ್ತಡದ ಹೊತ್ತಿನಲ್ಲಿ ಏರುವ ಹಾರ್ಮೋನನ್ನು ಸ್ರವಿಸುತ್ತವೆ. ಅಮೆರಿಕದ ಒಹಾಯೊ ರಾಜ್ಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಬಂದ ಮೊದಲ ದಿನ ನಾಯಿಗಳ ರಕ್ತದಲ್ಲಿದ್ದ ಕಾರ್ಟಿಸಾಲ್, ತಮ್ಮ ತಮ್ಮ ಮನೆಗಳಲ್ಲೇ ಇದ್ದ ಸಾಕುನಾಯಿಗಳ ಪ್ರಮಾಣಕ್ಕಿಂತ ಸುಮಾರು 3 ಪಟ್ಟು ಹೆಚ್ಚಿತ್ತು. ಹಾಗಾಗಿ ಹೊಸ ಜಾಗದಲ್ಲಿ ಮಿಸುಕದೆ ಮಲಗಿದ ನಾಯಿಯು ವಿಶ್ರಾಂತಿಯಲ್ಲಿದೆ ಎನ್ನುವುದಕ್ಕಿಂತ ಕಾವಲಿನಲ್ಲಿದೆ ಎನ್ನುವುದೇ ಹೆಚ್ಚು ಸರಿ. ಒಗ್ಗಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಆಶ್ರಯಧಾಮಗಳಲ್ಲಿ ಹೇಳುವ ಲೆಕ್ಕವು ಕೈಅಂದಾಜಿಗೆ ಒದಗುತ್ತದೆಯೇ ಹೊರತು ಯಾವ ನಾಯಿಯೂ ಪಂಚಾಂಗ ನೋಡಿ ಒಗ್ಗುವುದಿಲ್ಲ.

ಮನೆಯನ್ನು ಮನುಷ್ಯರು ಕಣ್ಣಿನಿಂದ ಅರಿತರೆ ನಾಯಿಯು ಮೊದಲು ಮೂಗಿನಿಂದ ಅರಿಯುತ್ತದೆ. ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಿ ಪ್ರೋಟೀನುಗಳನ್ನು ರೂಪಿಸುವ ಕ್ರಿಯಾಶೀಲ ಜೀನುಗಳು ಮನುಷ್ಯರಲ್ಲಿ ಸುಮಾರು 400 ಇದ್ದರೆ ನಾಯಿಗಳಲ್ಲಿ ಅದರ ಇಮ್ಮಡಿಯಷ್ಟಿವೆ. ಆ ಗ್ರಾಹಿಗಳನ್ನು ಹೊತ್ತ ಜೀವಕೋಶಗಳ ಸಂಖ್ಯೆಯಲ್ಲಂತೂ ಅಂತರವು ಹತ್ತಾರು ಪಟ್ಟು. ಮನೆಯವರ ಪಾಲಿಗೆ ಇದ್ದೂ ಇಲ್ಲದಂತಿರುವ ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ, ನೆಲ ಒರೆಸಿದ ಫಿನಾಯಿಲ್ ಇವೆಲ್ಲವೂ ಆ ಮೂಗಿನ ಮೇಲೆ ಒಟ್ಟಿಗೇ ಎರಗುವುದರಿಂದ, ಮೊದಲ ದಿನ ಇಡೀ ಮನೆಯನ್ನು ತೋರಿಸುವ ಬದಲು ಒಂದೇ ಕೋಣೆಯನ್ನೋ ಹಜಾರದ ಒಂದು ಮೂಲೆಯನ್ನೋ ಅದಕ್ಕೆ ಬಿಟ್ಟುಕೊಟ್ಟು, ಅದು ಮೂಸಿ ಮುಗಿಸಿದ ಬಳಿಕ ಮುಂದಿನ ಕೋಣೆಯ ಬಾಗಿಲು ತೆರೆಯುವುದು ಸೂಕ್ತ. ಬಂದ ಗಳಿಗೆಯಲ್ಲೇ ಸೋಪು ಹಚ್ಚಿ ಮೀಯಿಸುವ ಉತ್ಸಾಹವು ಮನೆಯ ಶುಚಿಗೆ ಒಳ್ಳೆಯದಾದರೂ ನಾಯಿಗೆ ತನ್ನದೆನ್ನಲು ಉಳಿದಿದ್ದ ಒಂದೇ ವಾಸನೆಯನ್ನು ಕಳೆದುಬಿಡುತ್ತದೆ. ಹಿಂದಿನ ಜಾಗದಲ್ಲಿ ಮಲಗುತ್ತಿದ್ದ ಗೋಣಿತಾಟನ್ನೋ ಹಳೆಯ ಬಟ್ಟೆಯನ್ನೋ ಒಗೆಯದೆ ಹಾಸಿಕೊಟ್ಟರೆ ಅದರಷ್ಟು ಸಾಂತ್ವನ ಬೇರೊಂದಿಲ್ಲ. ಮಣ್ಣಿನ ಮೇಲೆ ಮೂತ್ರ ಮಾಡಿ ಬೆಳೆದ ಬೀದಿನಾಯಿಗೆ ಒಳಗು ಹೊರಗೆಂಬ ಭೇದ ಹುಟ್ಟಿನಿಂದ ತಿಳಿದಿರುವುದಿಲ್ಲವಾದ್ದರಿಂದ, ಊಟವಾದೊಡನೆಯೂ ನಿದ್ದೆಯಿಂದ ಎದ್ದೊಡನೆಯೂ ಒಂದೇ ಜಾಗಕ್ಕೆ ಕರೆದೊಯ್ಯುವ ಕ್ರಮವೇ ಇಲ್ಲಿ ಗುರುವಾಗುತ್ತದೆ. ನಯವಾದ ಟೈಲ್ಸ್ ನೆಲದಲ್ಲಿ ಉಗುರು ಹಿಡಿತ ಸಿಗದೆ ಜಾರುವ ನಾಯಿ ನಡೆಯುವುದಕ್ಕೇ ಹೆದರುವುದುಂಟು. ಒಂದೆರಡು ಚಾಪೆ ಹಾಸಿದರೆ ಆ ತೊಡಕು ನೀಗುತ್ತದೆ.

ಶಬ್ದದ ವಿಚಾರವೂ ಹೀಗೆಯೇ. ಮನುಷ್ಯರ ಶ್ರವಣವು ಸೆಕೆಂಡಿಗೆ 20,000 ಕಂಪನಗಳ ಆಚೆಗೆ ನಿಂತುಹೋದರೆ ನಾಯಿಗಳದು 40,000ವನ್ನೂ ಮೀರುತ್ತದೆ. ಕುಕ್ಕರಿನ ಸೀಟಿಗೂ ಮಿಕ್ಸಿಯ ಗದ್ದಲಕ್ಕೂ ಬೆಚ್ಚುವ ನಾಯಿಯನ್ನು ಆ ಶಬ್ದ ತೀರ ಮೆಲ್ಲಗೆ ಕೇಳುವಷ್ಟು ದೂರದಲ್ಲಿರಿಸಿ, ಅದೇ ಹೊತ್ತಿಗೆ ಇಷ್ಟದ ತಿನಿಸು ಕೊಡುತ್ತ, ದಿನ ಕಳೆದಂತೆ ದೂರವನ್ನು ಕಡಿಮೆ ಮಾಡುತ್ತ ಬಂದರೆ, ಭಯ ಹುಟ್ಟಿಸುತ್ತಿದ್ದ ಸದ್ದೇ ತಿನಿಸಿನ ಸೂಚನೆಯಾಗಿ ಬದಲಾಗುತ್ತದೆ. ಇವಾನ್ ಪಾವ್ಲೋವ್ ರಷ್ಯದ ಪ್ರಯೋಗಾಲಯದಲ್ಲಿ ನಾಯಿಗಳ ಜೊಲ್ಲನ್ನು ಅಳೆದು ಗುರುತಿಸಿದ ಸಾಹಚರ್ಯ ಕಲಿಕೆ, ಅಂದರೆ ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಒದಗಿದಾಗ ಒಂದು ಮತ್ತೊಂದನ್ನು ನೆನಪಿಸುವ ಕ್ರಿಯೆ, ಇಲ್ಲಿ ಅಡುಗೆಮನೆಯಲ್ಲೇ ಕೆಲಸಕ್ಕೆ ಬರುತ್ತದೆ.

ಬಾಂಧವ್ಯ ಬೆಳೆಯಲು ತಿಂಗಳುಗಟ್ಟಲೆ ಬೇಕೆಂಬ ನಂಬಿಕೆಯನ್ನು ಹಂಗೆರಿಯ ಬುಡಾಪೆಸ್ಟಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಸಡಿಲಿಸಿತು. ಆಶ್ರಯಧಾಮದ ವಯಸ್ಕ ನಾಯಿಗಳೊಡನೆ ಒಬ್ಬ ವ್ಯಕ್ತಿ ತಲಾ 10 ನಿಮಿಷಗಳಂತೆ ಮೂರು ಬಾರಿ ಮಾತ್ರ ಕಳೆದಿದ್ದರೂ, ಬಳಿಕ ಅಪರಿಚಿತ ಕೋಣೆಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಆ ನಾಯಿಗಳು ಆಸರೆಗಾಗಿ ಆ ವ್ಯಕ್ತಿಯ ಬಳಿಗೇ ಹೋಗುವ ಒಲವನ್ನು ತೋರಿದವು. ಕೋಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡವು ಬೀದಿನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದೇ ಪದೇ ಭೇಟಿಯಾಗುವ ಅಪರಿಚಿತರ ಮೇಲೆ ಆ ನಾಯಿಗಳಿಗೆ ವಿಶ್ವಾಸ ಮೂಡಿಸುವಲ್ಲಿ ಆಹಾರಕ್ಕಿಂತ ತಲೆ ಸವರುವುದೇ ಹೆಚ್ಚು ಫಲಕಾರಿ. ಆದರೆ ತಾನಾಗಿ ಬಳಿಗೆ ಬರುವ ನಾಯಿಯನ್ನು ಸವರುವುದೇ ಬೇರೆ, ಮಂಚದಡಿಯಿಂದ ಎಳೆದು ಮುದ್ದಿಸುವುದೇ ಬೇರೆ. ತೊಟ್ಟಿಲು ಶಾಸ್ತ್ರಕ್ಕೆ ಬಂದಂತೆ ನೆಂಟರಿಷ್ಟರೆಲ್ಲ ಬಂದು ಮುಟ್ಟಿ ನೋಡುವ ಸಂಭ್ರಮವನ್ನು ಕೆಲವು ವಾರ ಮುಂದೂಡಿ, ಒಬ್ಬಿಬ್ಬರೇ ಅದರ ಊಟ, ನಡಿಗೆಗಳನ್ನು ನೋಡಿಕೊಳ್ಳುವುದು ಲೇಸು. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಎದುರಿಗೆ ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸುವುದು ಇವು ಅದರ ಭಾಷೆಯಲ್ಲಿ ಸಾಕೆಂಬುದರ ಸೂಚನೆಗಳಾಗಿದ್ದು, ಗುರುಗುಟ್ಟುವುದಕ್ಕಿಂತ ಮೊದಲೇ ಕಾಣಿಸುವ ಇವನ್ನು ಮನೆಯ ಮಕ್ಕಳಿಗೆ ಮುಂಚಿತವಾಗಿ ಕಲಿಸಬೇಕಾಗುತ್ತದೆ.

ಊಟದಲ್ಲಿ ಹಠಾತ್ ಬದಲಾವಣೆ ಭೇದಿಗೆ ದಾರಿಯಾದ್ದರಿಂದ ಹಳೆಯ ಆಹಾರದೊಡನೆ ಹೊಸದನ್ನು ವಾರವಿಡೀ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ತೋಳಗಳಿಗಿಲ್ಲದಷ್ಟು ಪಿಷ್ಟ ಅರಗಿಸುವ ಶಕ್ತಿ ನಾಯಿಗಳಿಗಿರುವುದರಿಂದ ಅನ್ನ, ಮುದ್ದೆಗಳು ಅವುಗಳಿಗೆ ಜೀರ್ಣವಾಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ಬೆಂದ ಸಾರು ಮಾತ್ರ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ರೇಬೀಸ್ ಲಸಿಕೆಯ ವಿಚಾರವನ್ನು ಪಶುವೈದ್ಯರಲ್ಲಿ ಮೊದಲ ವಾರದಲ್ಲೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದು.

ವಿಚಿತ್ರವೆಂದರೆ, ನಾಯಿ ಒಗ್ಗತೊಡಗಿದ ಹೊತ್ತೇ ಮನೆಯವರ ತಾಳ್ಮೆ ಕೆಡುವ ಹೊತ್ತೂ ಆಗಿರುತ್ತದೆ. ಕೆಲವು ವಾರ ಕಳೆದ ಮೇಲೆ ಅದು ಗೇಟಿನ ಸದ್ದಿಗೆ ಬೊಗಳಲು, ಚಪ್ಪಲಿ ಕಚ್ಚಲು, ಮನೆಯವರು ಹೊರಟಾಗ ಗೋಳಿಡಲು ತೊಡಗಿದರೆ, ಬಂದಾಗ ಎಷ್ಟು ಒಳ್ಳೆಯದಿತ್ತು ಎಂಬ ದೂರು ಹುಟ್ಟುತ್ತದೆ. ಕೆಲವರು ಅದನ್ನು ಹಿಂದಿರುಗಿಸುವ ಯೋಚನೆಗೂ ಇಳಿಯುತ್ತಾರೆ. ವಾಸ್ತವದಲ್ಲಿ ಹೆದರಿಕೆಯು ಅದುಮಿಟ್ಟಿದ್ದ ವರ್ತನೆಗಳು ಆಗ ಹೊರಬರುತ್ತಿರುತ್ತವೆ, ಮತ್ತು ತಿದ್ದುವ ಕೆಲಸ ನಿಜವಾಗಿ ಶುರುವಾಗಬೇಕಾದದ್ದೂ ಆಗಲೇ. ಅದೇ ದಿನಗಳಲ್ಲಿ ಅದರ ನಿದ್ದೆಯೂ ಬದಲಾಗಿರುತ್ತದೆ: ಚಳಿಯಿಲ್ಲದಿದ್ದರೂ ಸುರುಳಿ ಸುತ್ತಿಕೊಂಡು, ಒಂದೊಂದು ಹೆಜ್ಜೆಯ ಸಪ್ಪಳಕ್ಕೂ ಕಿವಿ ನಿಮಿರಿಸುತ್ತಿದ್ದ ನಾಯಿಯು ಈಗ ಹಜಾರದ ನಟ್ಟನಡುವೆ, ಜನ ದಾಟಿಕೊಂಡು ಓಡಾಡುವಲ್ಲೇ, ಮಗ್ಗುಲಾಗಿ ಕಾಲು ಚಾಚಿ ಮಲಗಿ, ಮುಚ್ಚಿದ ರೆಪ್ಪೆಗಳಡಿ ಕಣ್ಣುಗುಡ್ಡೆ ಹೊರಳುವ ಗಾಢ ನಿದ್ರೆಗೆ ಜಾರಿ, ಕನಸಿನಲ್ಲೇನನ್ನೋ ಬೆನ್ನಟ್ಟುತ್ತಿರುವಂತೆ ಪಾದಗಳನ್ನು ಅದುರಿಸುತ್ತಿರುತ್ತದೆ.