ಶಂಕರಣ್ಣನ ಪೋಸ್ಟರಿಗೆ ಒಂಬತ್ತು ಸಾವಿರ ದಂಡ!

ಅಭಿಮಾನಿ ಮಿತ್ರರೇ, ನಿಮ್ಮ ರೂಮಿನ ಗೋಡೆಯ ಮೇಲೆ ಯಾರಿದ್ದಾರೆ? ಅಣ್ಣಾವ್ರೋ? ಸಾಹಸಸಿಂಹನೋ? ಅಂಬರೀಷಣ್ಣನೋ? ಯಾರೇ ಇರಲಿ, ಗೋಂದು ಹಚ್ಚಿ ಅಂಟಿಸಿದ್ದರೆ ಮಾತ್ರ ಈ ಲೇಖನ ಓದಿಯೇ ಮುಂದಿನ ಬಸ್ಸು ಹತ್ತಿ!

ನನ್ನೂರು ನರಗುಂದ. ಕೆಲಸ ರೋಣದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ರೂಮು ಹಿಡಿದೆ. ಬಾಡಿಗೆ 2,500 ರೂಪಾಯಿ, ಅಡ್ವಾನ್ಸ್ 15,000. ಹತ್ತು ಸಾವಿರ ಫೋನಿನಲ್ಲೇ ಹಾಕಿದೆ, ಐದು ಸಾವಿರ ಕೈಯಲ್ಲಿ ಕೊಟ್ಟೆ. 'ಕಾಕಾ, ಒಂದ್ ಚೀಟಿ ಬರದ್ ಕೊಡ್ರಿ' ಅಂದದ್ದಕ್ಕೆ ಮಾಲಕರು ನಕ್ಕರು. 'ಏ ತಮ್ಮಾ, ನೀ ನನ್ನ ಮಗ ಇದ್ದಂಗ. ನಿನ್ನ ರೊಕ್ಕ ಎಲ್ಲಿ ಓಡಿ ಹೋಗತೈತಿ?'

ರೊಕ್ಕ ಓಡಲಿಲ್ಲ. ಆದರೆ ಹದಿನಾಲ್ಕು ತಿಂಗಳ ಮೇಲೆ ಅದರ ಹಿಂದೆ ಓಡಿದವನು ನಾನು!

ಸಕ್ಕರೆ ಮಾತಿನ ಖಳನಾಯಕ

ಗಜೇಂದ್ರಗಡದಲ್ಲಿ ಹೆಚ್ಚು ಪಗಾರದ ಕೆಲಸ ಸಿಕ್ಕಿತು. ಮೊದಲು ರೋಣ ತಾಲೂಕಿನಲ್ಲೇ ಇದ್ದ ಆ ಊರು ಈಗ ತಾನೇ ಒಂದು ತಾಲೂಕು. ಒಂದು ತಿಂಗಳು ಮುಂಚೆ ಹೇಳಿ, ಬಾಡಿಗೆ, ಕರೆಂಟ್ ಬಿಲ್ಲು ಎಲ್ಲಾ ಚುಕ್ತಾ ಮಾಡಿ ಕೀಲಿ ಕೊಟ್ಟೆ. ಅಲ್ಲಿನ ಹೊಸ ರೂಮಿನವರು ಅಡ್ವಾನ್ಸ್ ಕೇಳುತ್ತಿದ್ದಾರೆ, ನನ್ನ ಅಡ್ವಾನ್ಸ್ ಇಲ್ಲಿ ಸಿಕ್ಕಿಕೊಂಡಿದೆ. ಗೆಳೆಯನ ಹತ್ತಿರ ಸಾಲ ಮಾಡಬೇಕಾಯಿತು.

ಮೊದಲ ಸಲ ಹೋದಾಗ 'ಹೊಸ ಬಾಡಿಗಿಯವ್ರು ಬರ್ಲಿ, ಅವ್ರ್ ಕೊಟ್ಟದ್ದ ನಿನಗ ಕೊಡ್ತೀನಿ' ಅಂದರು. ಎರಡನೇ ಸಲ 'ಅಮಾಸಿ ಆಗ್ಲಿ' ಅಂದರು. ಮೂರನೇ ಸಲ ಮನೆಯಲ್ಲೇ ಇಲ್ಲ! ಪ್ರತಿ ಸಲ ಬಸ್ಸಿನ ಖರ್ಚು, ಒಂದು ದಿನದ ಪಗಾರ ಖೋತಾ. ಕಡೆಗೆ ವಾಟ್ಸಾಪಿನಲ್ಲಿ ಒಂದು ಲೆಕ್ಕ ಬಂತು. ಅಡ್ವಾನ್ಸ್ 15,000, ಬಣ್ಣದ ಖರ್ಚು 9,000, ವೈರಿಂಗ್ 4,000, ಉಳಿದದ್ದು 2,000, ಬಂದು ಒಯ್ಯಿ.

ಬಣ್ಣಕ್ಕೆ ಒಂಬತ್ತು ಸಾವಿರ ಯಾಕೆ? ಗೋಡೆಯ ಮೇಲಿದ್ದ ನನ್ನ ಶಂಕರಣ್ಣ! 1980ರ 'ಆಟೋ ರಾಜ' ಚಿತ್ರದ ಪೋಸ್ಟರು. ಕೀಳುವಾಗ ಅಂಗೈ ಅಗಲದ ಎರಡು ಕಡೆ ಗಿಲಾವು ಕಿತ್ತು ಬಂದದ್ದು ನಿಜ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಅಷ್ಟಕ್ಕೆ ಇಡೀ ಮನೆಗೆ ಬಣ್ಣ ನನ್ನ ರೊಕ್ಕದಲ್ಲೇ?

ಇಂಟರ್‌ವಲ್‌ಗೆ ಮುಂಚಿನ ಫೈಟಿಂಗ್

ಗೆಳೆಯರು ತಲೆಗೊಂದು ಸೀನು ಬರೆದರು. ಒಬ್ಬ 'ನಾಗರಹಾವಿನ ರಾಮಾಚಾರಿ ಆಗಲೇ' ಅಂದ. ಇನ್ನೊಬ್ಬ 'ನರಗುಂದದಾಂವ ಆಗಿ ಸುಮ್ನ ಕುಂತೀಯಲ್ಲೋ' ಅಂತ ಹಂಗಿಸಿದ. 1858ರಲ್ಲಿ ಬ್ರಿಟಿಷರ ವಿರುದ್ಧ ಬಾಬಾಸಾಹೇಬ ಎದ್ದ ಊರು, 1980ರ ಜುಲೈ 21ರಂದು ರೈತರು ಬಂಡೆದ್ದ ಊರು ನಮ್ಮದು. ರಕ್ತ ಕುದಿಯಿತು. ಮಾಲಕರ ಬಾಗಿಲಿಗೆ ಹೋಗಿ ಕೂಗಾಡಿದೆ. ಓಣಿಯ ಮಂದಿ ಕೂಡಿದರು. ಮಾಲಕರು ಒಳಗಿನಿಂದ ಅಗಳಿ ಹಾಕಿಕೊಂಡರು. ಜನ ನನ್ನನ್ನೇ ಗೂಂಡಾ ನೋಡಿದಂತೆ ನೋಡಿದರು! ಠಾಣೆಗೆ ಹೋದೆ. 'ಇದು ರೊಕ್ಕದ ವ್ಯವಹಾರ, ಕೋರ್ಟಿನ್ಯಾಗ ಬಗೀಹರಿಸ್ಕೋ' ಅಂದರು.

ನಿಮಗೆ 1990ರ 'ಗಣೇಶನ ಮದುವೆ' ನೆನಪಿದೆಯೇ? ವಠಾರದ ಮಾಲಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಅವರ ತಲೆನೋವಾದ ಬಾಡಿಗೆದಾರ ಗಣೇಶನಾಗಿ ಅನಂತನಾಗ್. ಆ ಜಗಳಕ್ಕೆ ಥಿಯೇಟರಿನಲ್ಲಿ ಹೊಟ್ಟೆ ಹಿಡಿದು ನಕ್ಕವರು ನಾವು. ನಮ್ಮ ಪಾಲಿಗೇ ಬಂದಾಗ ನಗು ಬರುವುದಿಲ್ಲ ಸ್ವಾಮಿ!

ವಕೀಲರ ಎಂಟ್ರಿ

ನರಗುಂದದಲ್ಲಿ ನಮ್ಮಪ್ಪನ ಪರಿಚಯದ ವಕೀಲರೊಬ್ಬರಿದ್ದಾರೆ. ಕಥೆ ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದರು. 'ಅಳೂದು ಬಿಡೋ ಹುಡುಗಾ, ನಿನ್ನ ಕಡೆ ಕಾಗದ ಏನೈತಿ?'

'ಹತ್ತು ಸಾವಿರಕ್ಕ ಫೋನಿನ ಲೆಕ್ಕ ಐತ್ರಿ. ಐದು ಸಾವಿರಕ್ಕ ಏನೂ ಇಲ್ರಿ.'

ಅವರು ನನ್ನ ಮೊಬೈಲು ಇಸಿದುಕೊಂಡು ಆ ವಾಟ್ಸಾಪ್ ಲೆಕ್ಕ ಓದಿ ನಕ್ಕರು. 'ಮಾಲಕನ ಬರದಾನಲ್ಲೋ, ಅಡ್ವಾನ್ಸ್ ಹದಿನೈದು ಅಂತ! ಇದಕ್ಕಿಂತ ದೊಡ್ಡ ಚೀಟಿ ಯಾವುದು ಬೇಕು?'

ನನಗೆ ಬೈದಾಟದಂತೆ ಕಂಡದ್ದು ಅವರಿಗೆ ಸಾಕ್ಷಿಯಾಗಿ ಕಂಡಿತು!

ಆಮೇಲೆ ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ. ಅಡ್ವಾನ್ಸ್ ಅನ್ನುವುದು ಬಾಡಿಗೆದಾರನ ರೊಕ್ಕ, ಮಾಲಕನ ಹತ್ತಿರ ಇಟ್ಟದ್ದು ಅಷ್ಟೇ. ಬಾಕಿ ಬಾಡಿಗೆ, ಬಾಕಿ ಬಿಲ್ಲು, ನಿಜವಾಗಿ ಮಾಡಿದ ಹಾನಿ, ಇವನ್ನು ಮುರಿದುಕೊಂಡು ಉಳಿದದ್ದು ತಿರುಗಿ ಕೊಡಬೇಕು. ದಿನಬಳಕೆಯಲ್ಲಿ ಗೋಡೆಯ ಬಣ್ಣ ಮಾಸುವುದು ಹಾನಿಯಲ್ಲ. ಬ್ರಿಟಿಷರ ಕಾಲದ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಸಹಜ ಸವೆತವನ್ನು ಬಿಟ್ಟುಕೊಟ್ಟಿದೆ. ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಅಷ್ಟು ದಿನ 'ಇವತ್ತು, ನಾಳೆ' ಅನ್ನುವ ಮಾತು ಕೇಳುತ್ತ ಕೂತರೆ ರೊಕ್ಕಕ್ಕೆ ಎಳ್ಳುನೀರು!

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬಹುಕಾಲದ್ದು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂದಿತು. ಆದರೆ ಅದು ಬರೀ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಬಲ.

ನೋಟೀಸು ಬರೆದರು. ಕೊಟ್ಟ ದಿನ, ಬಿಟ್ಟ ದಿನ, ಬರಬೇಕಾದ ಮೊತ್ತ, ಹದಿನೈದು ದಿನದ ಗಡುವು. ಒಂದು ಬೈಗುಳವೂ ಇಲ್ಲ! 'ರಜಿಸ್ಟರ್ ಪೋಸ್ಟ್ ಮಾಡ್ಲೇನ್ರಿ?' ಅಂದೆ. 'ಅದು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನೊಳಗ ಕೂಡೈತೋ, ಪೇಪರ್ ಓದು' ಅಂದರು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಇಟ್ಟೆ.

ಕ್ಲೈಮ್ಯಾಕ್ಸ್

ಗಡುವು ಮುಗಿದರೂ ಉತ್ತರವಿಲ್ಲ. ಕೇಸು ಹಾಕುವ ಮೊದಲೇ ರೋಣದ ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆವು. 1987ರ ಕಾಯ್ದೆಯ ಪ್ರಕಾರ ನಡೆಯುವ ಲೋಕ ಅದಾಲತಿಗೆ ಕೋರ್ಟು ಶುಲ್ಕವಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ, ಅದರ ಮೇಲೆ ಅಪೀಲೂ ಇಲ್ಲ. ಮಾಲಕರಿಗೆ ನೋಟೀಸು ಹೋಯಿತು. ಬಂದರು!

ಅಲ್ಲಿ ಎದುರುಬದುರು ಕೂತಾಗ ಕಾಕಾನ ಮುಖ ಇಳಿದಿತ್ತು. 'ಸುಳ್ಳ್ಯಾಕ ಹೇಳ್ಲಿ ಸಾಹೇಬ್ರ, ಹುಡುಗನ ರೊಕ್ಕ ಬೋರ್ ಕೊರಸಾಕ ಹಾಕಿದ್ನಿ. ನೀರು ಬೀಳಲಿಲ್ಲ.'

ಆಗ ತಿಳಿಯಿತು ನನಗೆ. ಬಣ್ಣ, ವೈರಿಂಗು ಎಲ್ಲಾ ನೆಪ. ರೊಕ್ಕವೇ ಇರಲಿಲ್ಲ. ಬಾಗಿಲ ಮುಂದೆ ಕೂಗಾಡಿದ್ದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಹಾಗಂತ ನನ್ನ ಸಾಲವೇನು ತೀರಿತ್ತೇ?

ಗಿಲಾವು ಕಿತ್ತದ್ದಕ್ಕೆ 1,500 ಮುರಿದುಕೊಳ್ಳಲು ನಾನು ಒಪ್ಪಿದೆ. ವೈರಿಂಗಿನ ಮಾತು ಅವರು ಬಿಟ್ಟರು. 13,500ಕ್ಕೆ ರಾಜಿ. ಅಂದೇ 7,000, ತಿಂಗಳೊಪ್ಪತ್ತಿನಲ್ಲಿ 6,500. ಎರಡೂ ಬಂದವು. ಹೊರಗೆ ಬಂದಾಗ ಕಾಕಾ ತಾವೇ ಚಹಾ ಕುಡಿಸಿದರು!

ಮಿತ್ರರೇ, ರೂಮು ಹಿಡಿಯುವಾಗ ಮೂರು ಕೆಲಸ ಮರೆಯಬೇಡಿ. ಅಡ್ವಾನ್ಸಿಗೆ ಚೀಟಿ, ಮೊದಲ ದಿನವೇ ಗೋಡೆ, ನಳ, ಸ್ವಿಚ್ಚುಗಳ ವಿಡಿಯೋ, ಬಿಡುವ ಮುಂಚೆ ಬರವಣಿಗೆಯಲ್ಲಿ ತಿಳಿಸುವುದು. ತಂಟೆ ಬಂದರೆ 15100ಕ್ಕೆ ಫೋನು ಮಾಡಿ, ಅದು ಕಾನೂನು ಸೇವೆಯ ನಂಬರು.

ಗಜೇಂದ್ರಗಡದ ನನ್ನ ಹೊಸ ರೂಮಿನಲ್ಲಿ ಶಂಕರಣ್ಣ ಈಗಲೂ ಇದ್ದಾರೆ. ಗೋಂದಿನ ಮೇಲಲ್ಲ... ಮೊದಲೇ ಇದ್ದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದೇನೆ!