ಝಿಂಗರ್ ಮತ್ತೆ ಬಂದಿದೆ, ಈ ಸಲ ಒಂಬತ್ತನೇ ಮಹಡಿಗೆ

ನವೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟ್‌ ವಾಟ್ಸ್ಯಾಪ್ ಗ್ರೂಪ್‌ಗೆ ಒಂದು ಫೋಟೊ ಬಂತು. ಒಂಬತ್ತನೇ ಮಹಡಿಯ ಸಜ್ಜಾದ ಅಡಿಯಲ್ಲಿ ಅರ್ಧಚಂದ್ರದ ಆಕಾರದ ಕಪ್ಪು ಪರದೆಯಂಥದ್ದೇನೋ ಜೋತುಬಿದ್ದಿತ್ತು. ಜೊತೆಗೆ ಒಂದೇ ಸಾಲು: 'ಮತ್ತೆ ಬಂದಿವೆ. ಅದೇ ಜಾಗ.'

ಕಾಫಿ ಮುಗಿಯೋದರೊಳಗೆ ಮೆಸೇಜ್‌ಗಳ ಸುರಿಮಳೆ. 'ಇವತ್ತೇ ತೆಗೆಸಿ.' 'ಮಕ್ಕಳು ಆಡೋ ಜಾಗ ಸ್ವಾಮಿ ಅದು.' 'ಹೋದ ವರ್ಷ ಬಂದಿದ್ದವರ ನಂಬರ್ ಯಾರ ಹತ್ರ ಇದೆ?'

ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗ ರಜೆಗೆಂದು ನಮ್ಮನೆಗೆ ಬಂದಿದ್ದ. ನನ್ನ ಫೋನಿಗೆ ಇಣುಕಿ ನೋಡಿ, 'ಮಾಮ, ಸುಮ್ನೆ ಬಿಟ್ರೆ ಅವು ಏನೂ ಮಾಡಲ್ಲ. ಬೇಕಾದ್ರೆ ಕೆಳಗಡೆ ಕ್ಯಾಂಪ್‌ಫೈರ್ ಹಚ್ಚಿದ್ರೆ ಆಯ್ತು' ಅಂದ. ಅವನು ಮೈನ್‌ಕ್ರಾಫ್ಟ್ ಆಡಿ ಬೆಳೆದವನು. ನನ್ನ ತಲೆಗೆ ಮಾತ್ರ ಬೇರೆ ಹೆಸರು ಬಂದಿತ್ತು: ಝಿಂಗರ್.

ಬೆನ್ನ ಮೇಲೆ ಮುಳ್ಳಿದ್ದ ಶತ್ರು

ರಾಜಾಜಿನಗರದಲ್ಲಿ ದೊಡ್ಡಪ್ಪನ ಮಗನ ಕಂಪ್ಯೂಟರ್ ಇತ್ತು. ಅದರಲ್ಲಿ ಎಮ್ಯುಲೇಟರ್ ಹಾಕಿಕೊಂಡು 'ಡಾಂಕಿ ಕಾಂಗ್ ಕಂಟ್ರಿ' ಆಡಿದವರಲ್ಲಿ ನಾನೂ ಒಬ್ಬ. ಬ್ರಿಟನ್ನಿನ ರೇರ್ ಕಂಪನಿ ನಿಂಟೆಂಡೊಗಾಗಿ 1994ರಲ್ಲಿ ಮಾಡಿದ ಆಟ ಅದು. ಅದರಲ್ಲಿ ಹಳದಿ ಮೈಯ, ಬೆನ್ನ ತುಂಬ ಮುಳ್ಳಿರುವ ಒಂದು ಹಾರುವ ಹುಳ. ಅದೇ ಝಿಂಗರ್.

ಮಾರಿಯೊ ಆಡಿದವರಿಗೆ ಶತ್ರುವಿನ ತಲೆ ಮೇಲೆ ಹಾರಿ ಅಪ್ಪಚ್ಚಿ ಮಾಡೋದು ಗೊತ್ತು. ಝಿಂಗರ್ ಹತ್ತಿರ ಆ ಉಪಾಯ ನಡೆಯಲ್ಲ. ಹಾರಿದರೆ ನಿಮಗೇ ಮುಳ್ಳು ಚುಚ್ಚುತ್ತೆ. ಡ್ರಮ್ ಎತ್ತಿ ಎಸೆಯಬೇಕು, ಇಲ್ಲಾಂದ್ರೆ ಅದು ಮೇಲೆ ಹೋದಾಗ ಕೆಳಗೆ ನುಸುಳಬೇಕು. ಒಂದು ಲೆವೆಲ್‌ನಲ್ಲಿ ಸತ್ತರೆ ಮುಂದಿನದರಲ್ಲಿ ಮತ್ತೆ ಹಾಜರ್. 1995ರ ಎರಡನೇ ಭಾಗದಲ್ಲಂತೂ ಜೇನುಗೂಡಿನೊಳಗೇ ನಡೆಯುವ ಲೆವೆಲ್‌ಗಳಿವೆ. ಗೋಡೆಗೆಲ್ಲ ಜೇನುತುಪ್ಪ, ಕಾಲಿಟ್ಟರೆ ಅಂಟು. ಕೊನೆಗೆ 'ಕಿಂಗ್ ಝಿಂಗ್' ಅನ್ನೋ ದೈತ್ಯನೇ ಎದುರಾಗುತ್ತಾನೆ. ನಿಜ ಹೇಳಬೇಕೆಂದರೆ ಝಿಂಗರ್ ನೋಡಲು ಕಣಜದ ಹುಳದ ಥರ. ಕಣಜದ ಹುಳ ನಮ್ಮ ಜೇನಿನ ಹಾಗೆ ತುಪ್ಪ ಕೂಡಿಡಲ್ಲ. ಆಟ ಮಾಡಿದವರಿಗೆ ಅದು ಬೇಕಾಗಿರಲಿಲ್ಲ, ಕುಟುಕುವ ಹುಳ ಆದರೆ ಸಾಕಿತ್ತು.

ಅದಕ್ಕೂ ಮೊದಲು, 1991ರ 'ಸೋನಿಕ್' ಆಟದ ಮೊದಲ ಲೆವೆಲ್‌ನಲ್ಲೇ 'ಬಝ್ ಬಾಂಬರ್' ಅನ್ನೋ ಯಂತ್ರದ ಜೇನು ಇತ್ತು. ಹಾರಿ ಬಂದು, ನಿಂತು, ಕೊಂಡಿಯಿಂದ ಗುಂಡು ಹಾರಿಸುತ್ತೆ. ಅದನ್ನು ಒಡೆದರೆ ಒಳಗೆ ಸೆರೆಯಾಗಿದ್ದ ಪುಟ್ಟ ಪ್ರಾಣಿಯೊಂದು ಹೊರಗೆ ಬರುತ್ತೆ. ಮಕ್ಕಳಾಗಿದ್ದಾಗ ನಾವು ಅದನ್ನು ಗಮನಿಸಿದ್ದೇ ಕಡಿಮೆ. ನಮಗೆ ಬೇಕಾಗಿದ್ದು ಪಾಯಿಂಟ್.

ಅಕ್ಕನ ಮಗನ ಜೇನು

ಅವನು ಆಡುವ ಮೈನ್‌ಕ್ರಾಫ್ಟ್‌ಗೆ ಜೇನು ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ಈ ಜೇನು ತಾನಾಗಿ ಮೇಲೆ ಬೀಳಲ್ಲ. ಹೂವಿಂದ ಹೂವಿಗೆ ಹೋಗುತ್ತೆ, ಪರಾಗ ಹೊತ್ತು ತರುತ್ತೆ, ದಾರಿಯಲ್ಲಿ ಬೆಳೆಯೂ ಬೇಗ ಬೆಳೆಯುತ್ತೆ. ಮಳೆ ಬಂದರೆ, ರಾತ್ರಿಯಾದರೆ ಗೂಡಿಗೆ ವಾಪಸ್. ಆದರೆ ಒಂದಕ್ಕೆ ಹೊಡೆದರೆ ಹತ್ತಿರವಿದ್ದದ್ದೆಲ್ಲ ಒಟ್ಟಿಗೆ ತಿರುಗಿಬೀಳುತ್ತವೆ. ಕುಟುಕಿದ ಜೇನು ಕೊಂಡಿ ಕಳೆದುಕೊಂಡು ಸ್ವಲ್ಪ ಹೊತ್ತಿನಲ್ಲೇ ಸಾಯುತ್ತೆ. ಗೂಡಿನ ಕೆಳಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದರೆ ಮಾತ್ರ ಸಿಟ್ಟಿಲ್ಲದೆ ತುಪ್ಪ ತೆಗೆಯಬಹುದು.

ನನ್ನ ಕಾಲದ ಜೇನು ಶತ್ರು. ಅವನ ಕಾಲದ್ದು ನೆರೆಮನೆಯವರ ಥರ, ಕೆಣಕಿದರೆ ಮಾತ್ರ ಜಗಳ. ನಮ್ಮ ಒಂಬತ್ತನೇ ಮಹಡಿಯಲ್ಲಿರೋದು ಇವೆರಡರಲ್ಲಿ ಯಾವುದು?

ಅದೇ ಸಜ್ಜಾ ಯಾಕೆ?

ಅದರ ಹೆಸರು ಹೆಜ್ಜೇನು, ವಿಜ್ಞಾನಿಗಳ ಬಾಯಲ್ಲಿ ಏಪಿಸ್ ಡಾರ್ಸಾಟಾ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಹಾಗೆ ಪೊಟರೆ, ಕತ್ತಲು ಇದಕ್ಕೆ ಬೇಡ. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ಒಂದು ಹಲ್ಲೆ ಕಟ್ಟಿ ಬಯಲಲ್ಲೇ ತೂಗುಬಿಡುತ್ತೆ. ಹಲ್ಲೆ ಒಂದು ಮೀಟರಿಗಿಂತಲೂ ಅಗಲ ಆಗಬಹುದು. ಅದನ್ನು ಹತ್ತಾರು ಸಾವಿರ ಹುಳಗಳು ಮೈಗೆ ಮೈ ಹಚ್ಚಿ ಪರದೆಯ ಹಾಗೆ ಮುಚ್ಚಿಕೊಂಡಿರುತ್ತವೆ. ಫೋಟೊದಲ್ಲಿ ನಾವು ಕಂಡ ಕಪ್ಪು ಪರದೆ ಗೂಡಲ್ಲ, ಜೇನುಗಳೇ.

ಮಳೆಗಾಲ ಕಳೆದು ಹೂವಿನ ಕಾಲ ಶುರುವಾದಾಗ ಬರುತ್ತವೆ, ಹೂ ಮುಗಿದಾಗ ಹೊರಡುತ್ತವೆ. ವಲಸೆ ಹೋದ ಹೆಜ್ಜೇನು ಹಳೆಯ ಜಾಗಕ್ಕೇ ವಾಪಸ್ ಬರುತ್ತೆ ಅನ್ನೋದನ್ನು ಜೀನ್ ಪರೀಕ್ಷೆಯಿಂದ ತೋರಿಸಿದ ಅಧ್ಯಯನ 2000ದಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ಅಂದರೆ ಗ್ರೂಪ್‌ನಲ್ಲಿ 'ಅದೇ ಜಾಗ' ಅಂತ ಬರೆದವರು ಕಂಡಿದ್ದು ಕಾಕತಾಳೀಯ ಅಲ್ಲದೆಯೂ ಇರಬಹುದು.

ವೈಟ್‌ಫೀಲ್ಡ್‌ನಿಂದ ಸ್ವಲ್ಪ ಆಚೆ, ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದು ಆಲದ ಮರವಿದೆ. ಅದೊಂದೇ ಮರದಲ್ಲಿ ನೂರಾರು ಹೆಜ್ಜೇನು ಗೂಡು ಕಟ್ಟುತ್ತವೆ. ಈ ಸೀಮೆಗೆ ನಾವು ಐಟಿಯವರು ಬರುವ ಮುಂಚೆ ರಾಗಿ ಹೊಲ, ನೀಲಗಿರಿ ತೋಪು, ಹೊಂಗೆ, ಹುಣಸೆ ಇದ್ದವು. ಈಗ ಮರ ಕಡಿಮೆ, ಕಟ್ಟಡ ಜಾಸ್ತಿ. ಹೆಜ್ಜೇನಿನ ಲೆಕ್ಕದಲ್ಲಿ ನಮ್ಮ ಒಂಬತ್ತನೇ ಮಹಡಿಯ ಸಜ್ಜಾ ಅಂದರೆ ಎತ್ತರದ, ಗಟ್ಟಿಯಾದ, ಮಳೆ ತಾಗದ ಒಂದು ಬಂಡೆ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡವಾಗಲಿ, ಪೀಣ್ಯದ ಓವರ್‌ಹೆಡ್ ಟ್ಯಾಂಕ್ ಆಗಲಿ, ಅದಕ್ಕೆ ಕಾಣೋದು ಅಷ್ಟೇ. ಆಟದಲ್ಲಿ ಝಿಂಗರ್ ಮತ್ತೆ ಮತ್ತೆ ಬರೋದು ಯಾರೋ ಅಲ್ಲಿ ಇಟ್ಟಿದ್ದಕ್ಕೆ. ಇಲ್ಲಿ ಮತ್ತೆ ಮತ್ತೆ ಬರೋದು ನಾವು ಬಂಡೆ ಕಟ್ಟಿ ಕೊಟ್ಟಿದ್ದಕ್ಕೆ.

ಹೋದ ವರ್ಷ ನಾವು 'ಗೆದ್ದ' ಕಥೆ

ಹೋದ ವರ್ಷ ನಾವು ಝಿಂಗರ್ ಆಟವನ್ನೇ ಆಡಿದ್ದೆವು. ಪೆಸ್ಟ್ ಕಂಟ್ರೋಲ್‌ನವರು ರಾತ್ರಿ ಬಂದು ಸ್ಪ್ರೇ ಹೊಡೆದು ಹೋದರು. ಗ್ರೂಪ್‌ನಲ್ಲಿ ಚಪ್ಪಾಳೆ ಇಮೋಜಿಗಳು. ನಾನೂ ಒಂದು ಹಾಕಿದ್ದೆ.

ಬೆಳಿಗ್ಗೆ ಕೆಳಗೆ ಇಳಿದರೆ ಜಾರುಬಂಡೆ, ಜೋಕಾಲಿ, ಕಾರುಗಳ ಮೇಲೆಲ್ಲ ಹುಳಗಳು. ಸತ್ತವು ಕೆಲವು, ಇನ್ನೂ ಸಾಯದೆ ನೆಲದ ಮೇಲೆ ಗಿರಗಿರ ತಿರುಗುತ್ತಿದ್ದವು ಕೆಲವು. ಮೇಲಿಂದ ಹನಿ ಹನಿ ತುಪ್ಪ ಗೋಡೆಗುಂಟ ಇಳಿಯುತ್ತಿತ್ತು. ಬದುಕಿ ಉಳಿದವು ಸಜ್ಜಾದ ಸುತ್ತ ದಿಕ್ಕೆಟ್ಟು ಹಾರುತ್ತಿದ್ದವು. ನಾವೆಲ್ಲ ಕಿಟಕಿ ಮುಚ್ಚಿಕೊಂಡು 'ವರ್ಕ್ ಫ್ರಮ್ ಹೋಮ್' ಅಂತ ಮೇಲ್ ಹಾಕಿದೆವು.

ಹೌಸ್‌ಕೀಪಿಂಗ್ ಅಕ್ಕನಿಗೆ ಆ ಸೌಲಭ್ಯ ಇರಲಿಲ್ಲ. ಸತ್ತ ಹುಳಗಳನ್ನು ಗುಡಿಸಲು ಅವರನ್ನೇ ಕಳಿಸಿದ್ದರು. ಎಂಟು ಕಡೆ ಕುಟುಕಿಸಿಕೊಂಡರು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಗೇಟಿನ ಸೆಕ್ಯುರಿಟಿ ಅಣ್ಣ ಆಟೊ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ದೇವರ ದಯೆ, ಸಂಜೆಗೆ ಮನೆಗೆ ಕಳಿಸಿದರು. ಮೂರು ದಿನದ ನಂತರ ಕೆಲಸಕ್ಕೆ ಬಂದಾಗ ನಾನು ಏನೋ ಸಮಾಧಾನ ಹೇಳಲು ಹೋದೆ. 'ನೀವು ಹುಳ ಸಾಯಿಸೋಕೆ ದುಡ್ಡು ಕೊಟ್ರಿ ಸಾರ್, ಗುಡಿಸೋಕೆ ನಮ್ಮನ್ನ ಇಟ್ರಿ' ಅಂದರು. ಜಗಳಕ್ಕೆ ಹೇಳಿದ್ದಲ್ಲ, ಪೊರಕೆ ಎತ್ತಿಕೊಳ್ಳುತ್ತಾ ಹೇಳಿದ್ದು. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ಯಾಟರ್ನ್ ಓದೋದು ನಮಗೆ ಗೊತ್ತಲ್ಲ!

ಈ ಸಲ ಫೋಟೊ ಬಂದಾಗ ಆ ಮಾತು ನೆನಪಾಯ್ತು. ಝಿಂಗರ್ ನಮಗೆ ಒಂದು ಒಳ್ಳೆಯ ಪಾಠವನ್ನೂ ಕಲಿಸಿತ್ತು: ನುಗ್ಗುವ ಮುಂಚೆ ಒಂದು ನಿಮಿಷ ನಿಂತು ನೋಡು. ಯಾವಾಗ ಮೇಲೆ ಹೋಗುತ್ತೆ, ಯಾವಾಗ ಕೆಳಗೆ ಬರುತ್ತೆ ಗೊತ್ತಾದರೆ ಅರ್ಧ ಗೆದ್ದ ಹಾಗೆ. ಹೆಜ್ಜೇನಿಗೂ ಅಂಥ ಪ್ಯಾಟರ್ನ್ ಇದೆ.

ದೂರದಿಂದ ಗೂಡನ್ನು ನೋಡುತ್ತಾ ಇದ್ದರೆ ಆಗಾಗ ಅದರ ಮೇಲೆ ಒಂದು ಅಲೆ ಹರಿದ ಹಾಗೆ ಕಾಣುತ್ತೆ, ಸ್ಟೇಡಿಯಂನಲ್ಲಿ ಜನ ಸಾಲಾಗಿ ಎದ್ದು ಕೂರುವಂತೆ. ಸಾಲು ಸಾಲು ಜೇನುಗಳು ಹೊಟ್ಟೆ ಎತ್ತಿ ಇಳಿಸುವುದರಿಂದ ಬರುವ ಅಲೆ ಅದು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಗೆರಾಲ್ಡ್ ಕಾಸ್ಟ್‌ಬರ್ಗರ್ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಬೇಟೆಗೆ ಬರುವ ಕಣಜದ ಹುಳಗಳನ್ನು ಈ ಅಲೆ ಬೆದರಿಸಿ ಓಡಿಸುತ್ತೆ ಅನ್ನೋದು ಅದರ ಸಾರ. ನೋಡಿ ತಮಾಷೆ: ಝಿಂಗರ್‌ನಂಥ ಹುಳ ನಿಜ ಜೀವನದಲ್ಲಿ ಹೆಜ್ಜೇನಿಗೇ ಶತ್ರು.

ಗುಂಪಾಗಿ ಮೇಲೆ ಬೀಳೋದು ಗೂಡಿಗೇ ಅಪಾಯ ಅನ್ನಿಸಿದಾಗ. ಕಲ್ಲು, ಹೊಗೆ, ಹದ್ದು, ಹತ್ತಿರಕ್ಕೆ ಹೋದ ಡ್ರೋನ್, ಪಟಾಕಿ, ಗಾಜು ಒರೆಸಲು ಹಗ್ಗದಲ್ಲಿ ಇಳಿದ ಮನುಷ್ಯ, ಯಾವುದೂ ಕಾರಣವಾಗಬಹುದು. ಕುಟುಕಿದ ಜೇನಿನ ಕೊಂಡಿ ನಮ್ಮ ಚರ್ಮದಲ್ಲೇ ಉಳಿಯುತ್ತೆ, ಅದು ಸಾಯುತ್ತೆ. ಮೈನ್‌ಕ್ರಾಫ್ಟ್‌ನವರು ಇದನ್ನು ಸರಿಯಾಗೇ ತೋರಿಸಿದ್ದಾರೆ. ಅವರು ತೋರಿಸದ ಇನ್ನೊಂದಿದೆ: ಕೊಂಡಿಯಿಂದ ಹೊರಡುವ ವಾಸನೆ. ಬಾಳೆಹಣ್ಣಿನ ವಾಸನೆಯನ್ನು ಹೋಲುವ ಅದು ಉಳಿದ ಜೇನುಗಳಿಗೆ 'ಇಲ್ಲೇ ಕುಟುಕಿ' ಅನ್ನುವ ಸಂದೇಶ. ಕುಟುಕಿಸಿಕೊಂಡವರು ಅಲ್ಲೇ ನಿಂತು ಕೈ ಬೀಸಿದರೆ ಇನ್ನಷ್ಟು ಬರೋದು ಅದಕ್ಕೇ.

ಆಟಕ್ಕೂ ನಿಜಕ್ಕೂ ಇನ್ನೊಂದು ವ್ಯತ್ಯಾಸ ರಾತ್ರಿಯದ್ದು. ಹೆಜ್ಜೇನು ಬೆಳದಿಂಗಳಲ್ಲಿ ಮೇವಿಗೂ ಹೋಗುತ್ತೆ, ದೀಪದ ಬೆಳಕಿಗೂ ಬರುತ್ತೆ. ರಾತ್ರಿ ಬಾಲ್ಕನಿ ಲೈಟಿನ ಕೆಳಗೆ ಬಿದ್ದಿರುವ ಒಂದೆರಡು ಹುಳ ನಿಮ್ಮ ಮೇಲೆ ದಾಳಿಗೆ ಬಂದವಲ್ಲ, ದಾರಿ ತಪ್ಪಿದವು. ಇನ್ನು ಕ್ಯಾಂಪ್‌ಫೈರ್ ಸಲಹೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೊಗೆ ಹಿಡಿದು ಹೆಜ್ಜೇನು ಇಳಿಸುತ್ತಾರೆ, ತಲೆಮಾರುಗಳಿಂದ ಕಲಿತ ವಿದ್ಯೆ ಅದು. ಅಪಾರ್ಟ್‌ಮೆಂಟ್‌ ಪಾರ್ಕಿಂಗ್‌ನಲ್ಲಿ ಪೇಪರ್ ಸುಟ್ಟು ನಾವು ಮಾಡಹೊರಟರೆ ಇಡೀ ಬ್ಲಾಕ್ ಆಸ್ಪತ್ರೆಯಲ್ಲಿ. ಅಕ್ಕನ ಮಗನಿಗೆ ಅದನ್ನೇ ಹೇಳಿದೆ. 'ಹಾಗಾದ್ರೆ ಗೇಮ್‌ನಲ್ಲಿ ಮಾತ್ರ' ಅಂತ ಒಪ್ಪಿಕೊಂಡ.

ಈ ಸಲ ಏನು ಮಾಡಿದೆವು?

ಭಾನುವಾರ ಅಸೋಸಿಯೇಷನ್ ಮೀಟಿಂಗ್. ಒಂದು ಗಂಟೆ ಜಗಳ ಆಯ್ತು. 'ಮಗುಗೆ ಏನಾದ್ರೂ ಆದ್ರೆ ನೀವು ಜವಾಬ್ದಾರರಾ?' ಅಂತ ಕೇಳಿದ ತಾಯಿಯ ಭಯ ಸುಳ್ಳಲ್ಲ. ನೂರಾರು ಹೆಜ್ಜೇನು ಕುಟುಕಿದರೆ ಯಾರ ಜೀವಕ್ಕೂ ಅಪಾಯ, ಅಲರ್ಜಿ ಇದ್ದವರಿಗೆ ಒಂದೇ ಸಾಕು. ಗೂಡು ಜನ ಓಡಾಡುವ ಬಾಗಿಲ ಮೇಲೋ ಸ್ಕೂಲಿನ ಮೆಟ್ಟಿಲ ಮೇಲೋ ಇದ್ದರೆ, ಗೊತ್ತಿರುವವರನ್ನು ಕರೆಸಿ ಬೇರೆಡೆ ಸಾಗಿಸಲೇಬೇಕಾಗುತ್ತೆ. ನಮ್ಮದು ಹಾಗಿರಲಿಲ್ಲ, ಗೋಡೆಯ ಹೊರಗೆ, ಎತ್ತರದಲ್ಲಿ.

ಕೊನೆಗೆ ಹೂವಿನ ಕಾಲ ಮುಗಿಯುವವರೆಗೆ ಬಿಡೋಣ ಅಂತಾಯ್ತು. ಆ ಸಾಲಿನ ಮನೆಗಳವರು ರಾತ್ರಿ ಬಾಲ್ಕನಿ ಲೈಟ್ ಆರಿಸಲು ಒಪ್ಪಿದರು. ಕೆಳಗಿನ ಜೋಕಾಲಿಯನ್ನು ಇನ್ನೊಂದು ಪಕ್ಕಕ್ಕೆ ಹಾಕಿದರು. ಹಗ್ಗದಲ್ಲಿ ಇಳಿದು ಗಾಜು ಒರೆಸುವವರಿಗೆ 'ಜೇನು ಹೋದ ಮೇಲೆ ಬನ್ನಿ' ಅಂತ ಫೋನ್ ಹೋಯ್ತು. ಅವರ ಕಡೆಯಿಂದ ಬಂದ ಉತ್ತರ ನನಗೆ ನೆನಪಿದೆ: 'ಮೊದಲೇ ಹೇಳಿದ್ರಲ್ಲ ಸಾರ್, ಯಾರೂ ಹೇಳಲ್ಲ.'

ನಾಲ್ಕೈದು ತಿಂಗಳಲ್ಲಿ ಯಾರಿಗೂ ಒಂದು ಕುಟುಕೂ ಬೀಳಲಿಲ್ಲ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪರದೆ ಇರಲಿಲ್ಲ. ಬಿಳಿಚಿದ ಖಾಲಿ ಹಲ್ಲೆ ಮಾತ್ರ ತೂಗುತ್ತಿತ್ತು. ಅದನ್ನು ಕೆರೆದು ತೆಗೆಸಿದ್ದೇವೆ. ಮುಂದಿನ ನವೆಂಬರ್‌ಗೆ ಮುಂಚೆ ಅಲ್ಲಿಗೆ ಬಲೆ ಹಾಕಿಸಬೇಕೋ ಬೇಡವೋ ಅಂತ ಗ್ರೂಪ್‌ನಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ.

ಹಲ್ಲೆ ತೆಗೆಸಿದ ದಿನ ಕೆಳಗೆ ಹೌಸ್‌ಕೀಪಿಂಗ್ ಅಕ್ಕ ಸಿಕ್ಕಿದರು. 'ಈ ವರ್ಷ ಗುಡಿಸೋಕೆ ಏನೂ ಇಲ್ಲ ಸಾರ್' ಅಂದು ನಕ್ಕರು.

ಫೋನಿನಲ್ಲಿ ಸೇವ್ ಮಾಡಿಕೊಳ್ಳಿ

• ಗೂಡು ಕಂಡರೆ ದೂರವಿರಿ. ಕಲ್ಲು, ನೀರು, ಹೊಗೆ, ಸ್ಪ್ರೇ, ಡ್ರೋನ್ ಬೇಡ.

• ಹತ್ತಿರದ ಕಿಟಕಿ ಮುಚ್ಚಿ, ರಾತ್ರಿ ಹೊರಗಿನ ದೀಪ ಆರಿಸಿ.

• ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾಜು ಒರೆಸುವವರು, ಡೆಲಿವರಿಯವರು, ಎಲ್ಲರಿಗೂ ಮೊದಲೇ ತಿಳಿಸಿ. ಅವರು ನಿಮ್ಮ ಗ್ರೂಪ್‌ನಲ್ಲಿ ಇರಲ್ಲ.

• ಗುಂಪಾಗಿ ಬಂದರೆ ಕೈ ಬೀಸುತ್ತಾ ನಿಲ್ಲಬೇಡಿ. ಮುಖ ಮುಚ್ಚಿಕೊಂಡು ಓಡಿ, ಕಟ್ಟಡ ಅಥವಾ ಕಾರಿನೊಳಗೆ ಸೇರಿ ಬಾಗಿಲು ಹಾಕಿ. ನೀರಿಗೆ ಧುಮುಕಬೇಡಿ.

• ಒಳಗೆ ಸೇರಿದ ಮೇಲೆ ಕೊಂಡಿಯನ್ನು ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಆದಷ್ಟು ಬೇಗ ಕೆರೆದು ತೆಗೆಯಿರಿ.

• ಉಸಿರಾಟಕ್ಕೆ ತೊಂದರೆ, ತಲೆಸುತ್ತು, ತುಟಿ-ನಾಲಿಗೆ ಊತ, ಅಥವಾ ತುಂಬ ಕಡೆ ಕುಟುಕಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

• ಸಲಹೆ ಬೇಕಿದ್ದರೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನುಕೃಷಿ ವಿಭಾಗವಿದೆ.

ನಿಮ್ಮ ಅಪಾರ್ಟ್‌ಮೆಂಟ್‌ಗೋ ಆಫೀಸಿಗೋ ಹೆಜ್ಜೇನು ಬಂದಿತ್ತಾ? ನೀವು ಏನು ಮಾಡಿದಿರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಝಿಂಗರ್ ಕಿರಿಕಿರಿ ಅನುಭವಿಸಿದವರೂ ಬರೆಯಬಹುದು!