ಆಟವೂ ನಿಲ್ಲಬಾರದು, ಕಥೆಯೂ ತಪ್ಪಬಾರದು

ಪಶ್ಚಿಮ ಘಟ್ಟದ ಕಾಡಿನಲ್ಲಿ ಜೀಪು ಓಡಿಸುತ್ತ ಹೊಯ್ಸಳರ ಕಾಲದ ನಿಧಿ ಹುಡುಕುವ ವಿಡಿಯೊ ಗೇಮ್ ಒಂದಿದೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಅದು. ಅದರ ಕೆಸರು ದಾರಿ, ಹೊಳೆ, ಹಸಿರು ದಾಂಡೇಲಿ, ಜೋಯಿಡಾ ಕಡೆಯವರಿಗೆ ಪರಿಚಿತ ಎನಿಸೀತು. ಭೂಗೋಳ, ಇತಿಹಾಸ ಮಾತ್ರ ಬಹುಪಾಲು ಕಲ್ಪನೆ. ಆದರೆ ಗೇಮ್ ತಯಾರಕರನ್ನು ಸದಾ ಕಾಡುವ ಪ್ರಶ್ನೆಗೆ ಅದರಲ್ಲೊಂದು ಒಳ್ಳೆಯ ಉತ್ತರವಿದೆ: ಆಡುವವರ ಕೈಕಟ್ಟದೆ ಕಥೆ ಹೇಳುವುದು ಹೇಗೆ?

ಕಥೆಗೆಂದು ನಡುನಡುವೆ ಸಿನಿಮಾ ತೋರಿಸಿದರೆ ಆಟ ನಿಲ್ಲುತ್ತದೆ. ಬರೀ ಆಟವಾದರೆ ಕಥೆ ಮರೆತೇ ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಡಕು, ಕಥೆ ಒಂದು ಹೇಳಿ ಆಟ ಇನ್ನೊಂದು ಮಾಡಿಸುವುದು. 2007ರಲ್ಲಿ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ ‘ಬಯೋಶಾಕ್’ ಗೇಮನ್ನು ವಿಮರ್ಶಿಸುತ್ತ ಇದಕ್ಕೆ ‘ಲೂಡೊನರೇಟಿವ್ ಡಿಸೊನೆನ್ಸ್’ ಎಂದು ಹೆಸರಿಟ್ಟರು. ಅನ್‌ಚಾರ್ಟೆಡ್ ಸರಣಿಯ ನಾಯಕ ನೇಥನ್ ಡ್ರೇಕ್ ಕಥೆಯಲ್ಲಿ ತಮಾಷೆಯ ಸಜ್ಜನ, ಆಟದಲ್ಲಿ ನೂರಾರು ಜನರನ್ನು ಕೊಲ್ಲುವವ. 2016ರ ನಾಲ್ಕನೇ ಭಾಗದಲ್ಲಿ ಸಾವಿರ ಶತ್ರುಗಳನ್ನು ಕೊಂದವರಿಗೆ ಸಿಗುವ ಟ್ರೋಫಿಗೆ ಇದೇ ಹೆಸರು ಕೊಟ್ಟು ತಯಾರಕರು ತಮ್ಮನ್ನೇ ಗೇಲಿ ಮಾಡಿಕೊಂಡರು.

ಮೊದಲು ಹೇಳಿದ ಉತ್ತರಕ್ಕೆ ‘ಲಾಸ್ಟ್ ಲೆಗಸಿ’ಯ ಪಶ್ಚಿಮ ಘಟ್ಟದ ಅಧ್ಯಾಯ ನೋಡಿ. ನಾಯಕಿ ಕ್ಲೋಯಿ ಗೋಪುರ ಹತ್ತಿ, ಸುತ್ತ ಕಣ್ಣಾಡಿಸಿ, ನಕ್ಷೆಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾಳೆ. ಪಾಳುಬಿದ್ದ ಮೂರು ಕೋಟೆಗಳಲ್ಲಿ ಮೊದಲು ಯಾವುದಕ್ಕೆ ಹೋಗಬೇಕೆಂಬುದು ಆಡುವವರಿಗೆ ಬಿಟ್ಟದ್ದು. ಯಾವ ದಾರಿ ಹಿಡಿದರೂ ಕಥೆ ಕೊನೆಗೆ ಒಂದೇ ಕಡೆ ಬಂದು ಸೇರುತ್ತದೆ. ಪ್ರಸಂಗದ ಪದ್ಯ ಮೊದಲೇ ಬರೆದಿದ್ದರೂ ಅರ್ಥ ಹೇಳುವುದು ಅರ್ಥಧಾರಿಯ ಸ್ವಾತಂತ್ರ್ಯವಾಗಿರುವ ತಾಳಮದ್ದಳೆಯಂತೆ.

ಕ್ಲೋಯಿ ಮತ್ತು ಜೊತೆಗಾತಿ ನಡೀನ್ ಹತ್ತಿರವಾಗುವುದರಲ್ಲಿ ಜೀಪಿನೊಳಗಿನ ಹರಟೆಯ ಪಾಲೂ ಇದೆ. ನಮ್ಮ ಗಮನಕ್ಕೆ ಮಿತಿಯಿದೆ. ಗುಂಡಿನ ಕಾಳಗದ ನಡುವೆ ಆಡಿದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದು. ಸಲೀಸಾದ ದಾರಿಯಲ್ಲಿ ಸ್ಟೀರಿಂಗ್ ಹಿಡಿದಾಗ ಕೇಳಲು ಪುರುಸೊತ್ತಿರುತ್ತದೆ. ಮಾತು ಎಲ್ಲಿ ಬರಬೇಕೆಂದು ಲೆಕ್ಕ ಹಾಕುವುದೂ ಗೇಮ್ ವಿನ್ಯಾಸದ ಭಾಗ.

ಇಂಥ ಗೇಮ್ ಆಗಬಲ್ಲ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದು ಹಳೆಯ ಸೂಪಾ ಊರು ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಇದನ್ನು ಪರದೆಯ ಮೇಲೆ ಬರೀ ತೋರಿಸಿದರೆ ಸಾಕ್ಷ್ಯಚಿತ್ರವಾದೀತು. ನೀರು ಏರುವ ಮುನ್ನ ಮನೆಯಿಂದ ಏನನ್ನು ಸಾಗಿಸಬೇಕು, ಏನನ್ನು ಬಿಡಬೇಕು ಎಂದು ಆಡುವವರೇ ತೀರ್ಮಾನಿಸುವಂತಾದರೆ ಅದು ಗೇಮ್. ಗೇಮ್ ಮಾಡಹೊರಟ ಕನ್ನಡದ ಹುಡುಗ ಹುಡುಗಿಯರು ಸಂಭಾಷಣೆ ಬರೆಯುವ ಮೊದಲು, ಆಡುವವರ ಕೈಗೆ ಏನು ಕೆಲಸ ಕೊಡುತ್ತೇವೆ ಎಂದು ಯೋಚಿಸಲಿ.